ಏಳನೇ ಮಂಚದ ಹಾಳೆ

ಮಾರ್ಚ್ 3, ಸೋಮವಾರ

ಈ ವಯಸ್ಸಿನಲ್ಲಿ ನನಗೆ ಇಂಗ್ಲಿಷ್ ಪರೀಕ್ಷೆಯಂತೆ. ನಲವತ್ತಾರು ತುಂಬಿದೆ. ಮೆಟ್ಟಿಲು ಹತ್ತಿದರೆ ಮೊಣಕಾಲು ಕಟಕಟ ಅನ್ನುತ್ತದೆ, ಕನ್ನಡಕ ಇಲ್ಲದೆ ಸೂಜಿಗೆ ದಾರ ಏರುವುದಿಲ್ಲ. ಇನ್ನು ತಲೆಗೆ ಎಬಿಸಿಡಿ ಏರಬೇಕು.

ಬೆಳಿಗ್ಗೆ ದೊಡ್ಡ ಸಿಸ್ಟರ್ ಆಯಾಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು. ಈ ಹಿರಿಯರ ಮನೆಯನ್ನು ಹೋದ ವರ್ಷ ಕೊಂಡ ಹೊಸ ಮಾಲೀಕರಿಗೆ ಪ್ರತಿ ಮಂಚಕ್ಕೂ ದಿನಕ್ಕೊಂದು ಹಾಳೆ ಬೇಕು, ಅದೂ ಇಂಗ್ಲಿಷಿನಲ್ಲಿ. ಯಾರು ತಿಂದರು, ಯಾರು ಮಲಗಿದರು, ಯಾರು ನಡೆದಾಡಿದರು. ಇಷ್ಟು ದಿನ ಹೇಗೋ ನಡೆಯಿತು. ಈ ತಿಂಗಳ ಮೂವತ್ತೊಂದಕ್ಕೆ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿ ಬರೆಸುತ್ತಾರಂತೆ, ಓದಿಸುತ್ತಾರಂತೆ. ಬಾರದವರು ಕೆಳಗೆ ಲಾಂಡ್ರಿಗೆ, ಗುತ್ತಿಗೆಯವನ ಕೈಕೆಳಗೆ. ಬ್ಲೀಚಿನ ವಾಸನೆಗೆ ನನಗೆ ಉಬ್ಬಸ ಬರುತ್ತದೆಂದು ಸಿಸ್ಟರ್‌ಗೆ ಗೊತ್ತು. ಅದನ್ನು ಹೇಳುವಾಗ ನನ್ನ ಮುಖ ಮಾತ್ರ ನೋಡಲಿಲ್ಲ.

ಹೇಗೋ ನಡೆಯಿತು ಅಂದರೆ ಹೀಗೆ. ನಿನ್ನೆಯ ಹಾಳೆ ನೋಡಿಕೊಂಡು ಇವತ್ತಿನದಕ್ಕೆ ಇಳಿಸುವುದು. ‘ಶೀ ಈಟ್ಸ್ ವೆಲ್. ಶೀ ಸ್ಲೀಪ್ಸ್ ವೆಲ್.’ ಅರ್ಥ ಗೊತ್ತಿಲ್ಲ ಅಂತಲ್ಲ, ಚೆನ್ನಾಗಿ ತಿಂತಾರೆ, ಚೆನ್ನಾಗಿ ಮಲಗ್ತಾರೆ. ಆದರೆ ಬರೆಯುವಾಗ ಅದು ಬರವಣಿಗೆಯಲ್ಲ, ರಂಗೋಲಿ ಚುಕ್ಕಿ ಕೂಡಿಸಿದ ಹಾಗೆ. ಈ ವಿದ್ಯೆಯನ್ನು ನನಗೆ ಕಲಿಸಿದವಳು ಉದ್ದಕ್ಕ, ಹತ್ತು ವರ್ಷದಿಂದ ಇಲ್ಲಿರುವ ಆಯಾ. ಎಷ್ಟು ಎತ್ತರ ಅಂದರೆ, ಕಿಟಕಿಯ ಮೇಲಿನ ಚಿಲಕಕ್ಕೂ ಸ್ಟೂಲಿಲ್ಲದೆ ಕೈ ಹಾಕುತ್ತಾಳೆ. “ತಲೆ ಕೆಡಿಸ್ಕೋಬೇಡ ಕಣೇ, ಮುದುಕರ ದಿನ ಎಲ್ಲಾ ಒಂದೇ ಥರ” ಅಂದಿದ್ದಳು.

ಔಷಧಿ ಕಂಪನಿಯವನು ಬಿಟ್ಟುಹೋದ ಡೈರಿ ಇದು. ಬಟ್ಟೆ ಕೋಣೆಯ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಷ್ಟಾದರೂ ಯಾರಿಗಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆಯುತ್ತದೆ.

ಮಾರ್ಚ್ 4, ಮಂಗಳವಾರ

ನಿನ್ನೆಯ ಹಾಗೆಯೇ. ಹನ್ನೆರಡು ಮಂಚ, ಹನ್ನೆರಡು ಹಾಳೆ.

ಮನೆಯಲ್ಲಿ ಅತ್ತೆ ಟೀಯನ್ನು ಅರ್ಧ ಕುಡಿದು ಅರ್ಧ ಬಿಟ್ಟರು. ಬಿಡಲಿ. ಮಾಡಿಕೊಟ್ಟವರಿಗೆ ಆ ಮನೆಯಲ್ಲಿ ಎಂದಿಗೂ ಬೆಲೆ ಇಲ್ಲ.

ಮಾರ್ಚ್ 6, ಗುರುವಾರ

ಇವತ್ತು ಏಳನೇ ಮಂಚದವರ ಕೈಗೆ ಸಿಕ್ಕಿಬಿದ್ದೆ.

ಏಳನೇ ಮಂಚ ಅಂದರೆ ನಿವೃತ್ತ ಇಂಗ್ಲಿಷ್ ಟೀಚರು. ಎಂಬತ್ತೊಂದು ವಯಸ್ಸು, ಕಡ್ಡಿಯಂಥ ಮೈ, ಬೆನ್ನು ಮಾತ್ರ ನೆಟ್ಟಗೆ. ಹೋದ ತಿಂಗಳು ಜ್ವರ ಬಂದು ಇನ್ನಷ್ಟು ಇಳಿದಿದ್ದಾರೆ. ಅದೇ ಕೋಣೆಯ ಆರನೇ ಮಂಚದಲ್ಲಿರುವುದು ರೈಲ್ವೆಯಲ್ಲಿ ಟಿಕೆಟ್ ಕೊಡುತ್ತಿದ್ದ ಅಜ್ಜಿ. ಲಕವಾ ಹೊಡೆದ ಮೇಲೆ ಮಾತು ನಿಂತಿದೆ, ಎಲ್ಲದಕ್ಕೂ “ಹೂಂ” ಒಂದೇ.

ನಾನು ಮಂಚದ ಕಾಲಿಗೆ ಹಾಳೆ ಸಿಕ್ಕಿಸುತ್ತಿದ್ದಾಗ ಟೀಚರು ಕೈ ಚಾಚಿದರು. ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು.

“ನಿನ್ನೆ ಇಡೀ ರಾತ್ರಿ ಕೆಮ್ಮಿದ್ದು ಯಾರಮ್ಮ?”

“ನೀವೇ ಮೇಡಂ.”

“ಇಲ್ಲಿ ಚೆನ್ನಾಗಿ ಮಲಗ್ತಾಳೆ ಅಂತಿದೆಯಲ್ಲ. ಇದ್ಯಾವ ಅದೃಷ್ಟವಂತೆ?”

ನನಗೆ ಕೋಪ ಬಂತು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಹನ್ನೆರಡು ಜನರ ಮೈ ಒರೆಸಿ ಹಾಸಿಗೆ ಬದಲಿಸಿ ಊಟ ತಿನ್ನಿಸುವುದರ ಮೇಲೆ ಇದೊಂದು ಗಾಯದ ಮೇಲೆ ಬರೆ ಅಂದುಬಿಟ್ಟೆ. ಮೂವತ್ತೊಂದರ ವಿಷಯವನ್ನೂ ಹೇಳಿದೆ. ಅವರು ಬೈಯಲಿಲ್ಲ. “ಕೂತ್ಕೋ” ಅಂದರು. ಕೂರಲು ನನಗೆಲ್ಲಿ ಪುರುಸೊತ್ತು. ಬಕೆಟ್ ಹಿಡಿದುಕೊಂಡು ನಿಂತೇ ಇದ್ದೆ.

“ಇಪ್ಪತ್ತೈದು ದಿನದಲ್ಲಿ ಇಂಗ್ಲಿಷ್ ಬರಲ್ಲ. ಒಂದು ಕ್ರಿಯಾಪದ ಬರುತ್ತೆ. ಒಂದು ಸರಿಯಾಗಿ ಬಂದ್ರೆ ಉಳಿದವು ಕುರಿಮಂದೆ ಥರ ಹಿಂದೇನೇ ಬರ್ತವೆ. ಯಾವುದು ಬೇಕು ನಿನಗೆ?”

ಹಾಳೆಯ ಮೊದಲ ಸಾಲು ಯಾವುದೋ ಅದೇ ಅಂದೆ. ತಿನ್ನುವುದು.

ಮಾರ್ಚ್ 7, ಶುಕ್ರವಾರ

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಇಪ್ಪತ್ತು ನಿಮಿಷ ಪಾಠ. ಐ ಈಟ್, ಯೂ ಈಟ್, ದೇ ಈಟ್. ಅವನೊಬ್ಬ, ಅವಳೊಬ್ಬಳು, ಬೆಕ್ಕೊಂದು ತಿಂದರೆ ಮಾತ್ರ ಕೊನೆಯಲ್ಲಿ ಒಂದು ‘ಸ್’. ಯಾಕೆ ಅಂದೆ. “ಒಂಟಿಯಾಗಿ ತಿನ್ನೋರಿಗೆ ಜೊತೆಗೊಂದು ಅಕ್ಷರ ಇರಲಿ ಅಂತ” ಅಂದರು ಟೀಚರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಮರೆಯುವುದಂತೂ ಇಲ್ಲ.

ಅವರ ‘ಸ್’ ಎಷ್ಟು ಚೆನ್ನ. ಕತ್ತರಿ ಬಟ್ಟೆಯ ಮೇಲೆ ಓಡಿದ ಹಾಗೆ ಸರಕ್ಕನೆ ಬಂದು ನಿಲ್ಲುತ್ತದೆ. ನನ್ನದು ‘ಈಟುಸು’ ಆಗುತ್ತದೆ. ಹದಿನೈದು ಸಲ ಹೇಳಿಸಿದರು.

ಪಾಠ ಮುಗಿದ ಮೇಲೆ ಹಲ್ಲಿನ ಸೆಟ್ಟು ತೊಳೆಯಲು ಕೇಳಿದರೆ ಪರದೆ ಎಳೆದುಕೊಂಡು, ಒಳಗೇ ತೆಗೆದು, ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಯೇ ಕೈಗೆ ಕೊಟ್ಟರು. ಹಲ್ಲಿಲ್ಲದ ಅವರ ಬಾಯಿಯನ್ನು ಇಲ್ಲಿ ಯಾರೂ ಕಂಡಿಲ್ಲ. ಟೀಚರ್‌ಗಳ ಜಂಬವೇ ಬೇರೆ.

ಮಾರ್ಚ್ 11, ಮಂಗಳವಾರ

ಎರಡನೇ ಪಾಠ. ಶೀ ಈಸ್ ಈಟಿಂಗ್. ಟೀಚರು ಕೇಳಿದರು, “ನಿಮ್ಮನೇಲಿ ಈಗ ಯಾರಾದ್ರೂ ಫೋನ್ ಮಾಡಿ, ಅತ್ತೆ ಏನ್ಮಾಡ್ತಿದ್ದಾರೆ ಅಂದ್ರೆ ಏನಂತೀಯ?”

“ತಿಂತಾ ಇದ್ದಾರೆ ಅಂತೀನಿ.”

“ಅವರು ಮೀನು ತಿಂತಾರಾ ಅಂದ್ರೆ?”

“ತಿಂತಾರೆ ಅಂತೀನಿ.”

“ನೋಡು, ನಿನಗೆ ಬರುತ್ತೆ. ನಿನಗೆ ಯಾವತ್ತಿಂದಲೋ ಬರುತ್ತೆ. ತಿಂತಾರೆ ಅನ್ನೋದು ಅಭ್ಯಾಸ, ಅದನ್ನ ಮನೆಯಾಚೆ ನಿಂತೂ ಹೇಳಬಹುದು. ತಿಂತಾ ಇದ್ದಾರೆ ಅನ್ನೋಕೆ ಮಾತ್ರ ಎದುರಿಗೆ ಇದ್ದು ನೋಡ್ಬೇಕು.”

ಇಷ್ಟು ಸುಲಭವನ್ನು ಶಾಲೆಯಲ್ಲಿ ಯಾಕೆ ಹೀಗೆ ಹೇಳಲಿಲ್ಲವೋ. ಬಸ್ಸಿನಲ್ಲಿ ಬರುವಾಗ ಎಲ್ಲರನ್ನೂ ಮನಸ್ಸಿನಲ್ಲೇ ಬರೆಯುತ್ತ ಬಂದೆ. ಕಂಡಕ್ಟರ್ ಈಸ್ ಈಟಿಂಗ್ ಬಿಸ್ಕತ್ತು. ಮಗು ಈಸ್ ಈಟಿಂಗ್ ಅಮ್ಮನ ದುಪಟ್ಟಾ.

ಮನೆಗೆ ಬಂದು ಅತ್ತೆಯನ್ನೂ ನೋಡಿದೆ, ಪಾಠಕ್ಕಾಗಿ. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ತುಂಬಿದ ಲೋಟ ಬಾಯಿಗೆ ಬರುವಷ್ಟರಲ್ಲಿ ಅಲುಗಿ ಮುಂಗೈ ಮೇಲೆ ಚೆಲ್ಲುತ್ತದೆ. ಆಗ ಕೆಳಗಿಟ್ಟುಬಿಡುತ್ತಾರೆ.

ಮಾರ್ಚ್ 13, ಗುರುವಾರ

ಮಧ್ಯಾಹ್ನದಿಂದ ನೀರಿಲ್ಲ. ಪಂಪು ಸುಟ್ಟಿದೆಯಂತೆ. ಒಂದೊಂದು ಡಬ್ಬಿಗೂ ಬೇರೆ ನೀರು ಹಾಕಿ ತೊಳೆಯುವಷ್ಟು ನೀರೆಲ್ಲಿ? ನಮ್ಮ ಕಡೆಯ ಆರು ಸೆಟ್ಟು ಹಲ್ಲನ್ನೂ ಒಂದೇ ಬೋಗುಣಿಗೆ ಸುರಿದು, ಒಂದೇ ಚೆಂಬು ನೀರಲ್ಲಿ ತೊಳೆದು ಮುಗಿಸಿದೆ. ಡಬ್ಬಿಯ ಮೇಲೆ ನಂಬರಿದೆ, ಹಲ್ಲಿನ ಮೇಲೆ ಇಲ್ಲ. ಆದರೇನು, ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲವೇ. ಉದ್ದಕ್ಕ ತನ್ನ ಆರನ್ನು ತೊಳೆಯಲು ಎರಡು ಬಕೆಟ್ ಖಾಲಿ ಮಾಡಿ ಬೈಸಿಕೊಂಡಳು. ನನಗೆ ಶಭಾಸ್.

ಮಾರ್ಚ್ 15, ಶನಿವಾರ

ಟೀಚರ ‘ಸ್’ ಇವತ್ತು ಸೀಟಿ ಹೊಡೆಯಿತು. ಈಟ್ಸ್ಸೀ. ಇಂಗ್ಲಿಷಿನ ಒಳಗುಟ್ಟು ಇದೇ ಇರಬೇಕು, ಎರಡನೇ ವಾರಕ್ಕೆ ಹೇಳಿಕೊಡುತ್ತಿದ್ದಾರೆ ಅಂದುಕೊಂಡು ನಾನೂ ಸೀಟಿ ಸೇರಿಸಿದೆ. ಬಹಳ ಹೊತ್ತಿನ ಮೇಲೆ ಬಂತು. ಟೀಚರು ವಿಚಿತ್ರವಾಗಿ ನೋಡಿದರು, ತಿದ್ದಲಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ನಮ್ಮವರು ವ್ಯಾನಿನ ಕೀ ನೇತುಹಾಕುತ್ತ, “ಏನೇ, ಕುಕ್ಕರ್ ಆಗ್ಬಿಟ್ಟಿದ್ದೀಯ” ಅಂದರು. ಅತ್ತೆ ಕೂಡ ಸೆರಗಿನಲ್ಲಿ ನಕ್ಕರು.

ಊಟದ ಹೊತ್ತಿಗೆ ಆರನೇ ಮಂಚ ಬ್ರೆಡ್ ಉಗುಳಿತು. ಬಳಿದು ಸಾಕಾಯಿತು. ಟೀಚರಿಗೂ ಇವತ್ತು ಬರೀ ಸೂಪಂತೆ.

ಮಾರ್ಚ್ 19, ಬುಧವಾರ

ಮೂರನೇ ಪಾಠ, ಇಲ್ಲ ಅನ್ನುವುದು. ಶೀ ಡಸ್ ನಾಟ್ ಈಟ್. ಡಸ್ ಬಂದರೆ ಆ ‘ಸ್’ ಅಲ್ಲಿಗೆ ಹೋಗಿ ಕೂರುತ್ತದೆ, ಈಟ್ ಬರಿಗೈಯಲ್ಲಿ ಉಳಿಯುತ್ತದೆ. ಇದು ನನ್ನ ತಲೆಗೆ ಬಹಳ ಬೇಗ ಹತ್ತಿತು. ಯಾಕೆಂದರೆ ಉದಾಹರಣೆ ಎದುರಿಗೇ ಇತ್ತು. ಟೀಚರ ತಟ್ಟೆ ತಂದ ಹಾಗೆಯೇ ಇತ್ತು, ಆಲೂಗಡ್ಡೆಯ ಮೇಲೆ ಫೋರ್ಕಿನ ಗುರುತೂ ಇಲ್ಲ.

“ಯಾಕೆ ಮೇಡಂ ತಿಂದಿಲ್ಲ?”

“ಹಸಿವಿಲ್ಲಮ್ಮ. ವಯಸ್ಸು. ತೊಗೊಂಡು ಹೋಗು.”

ಹಾಳೆಗೆ ಎಂದಿನಂತೆ ಈಟ್ಸ್ ವೆಲ್ ಬರೆದೆ. ಡಸ್ ನಾಟ್ ಅಂತ ಬರೆದರೆ ಸಿಸ್ಟರ್ ಕರೆದು ಪ್ರಶ್ನೆ ಕೇಳುತ್ತಾರೆ, ಉತ್ತರ ಇಂಗ್ಲಿಷಿನಲ್ಲಿ ಕೊಡಬೇಕಾಗುತ್ತದೆ. ಅಷ್ಟು ಧೈರ್ಯ ಇನ್ನೂ ಇಲ್ಲ.

ಅತ್ತೆಗೆ ಇವತ್ತಿನಿಂದ ಅರ್ಧ ಲೋಟ ಟೀ, ಎರಡು ಸಲ. ಎರಡೂ ಖಾಲಿಯಾಗಿತ್ತು.

ಮಾರ್ಚ್ 24, ಸೋಮವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಡಾಕ್ಟರ್ ಬಂದಿದ್ದರು. ಟೀಚರನ್ನು ತೂಕದ ಯಂತ್ರದ ಮೇಲೆ ಕೂರಿಸಿದೆ. ಮೂರು ವಾರದಲ್ಲಿ ಮೂರೂವರೆ ಕಿಲೋ ಇಳಿದಿದ್ದಾರೆ. ಡಾಕ್ಟರ್ ಹಾಳೆಗಳನ್ನು ಒಂದೊಂದೇ ತಿರುವಿದರು. “ಹಾಳೆ ಚೆನ್ನಾಗಿ ತಿಂತಾರೆ ಅನ್ನುತ್ತೆ, ಯಂತ್ರ ಬೇರೆ ಏನೋ ಅನ್ನುತ್ತೆ. ನಾನು ಯಾವುದನ್ನ ನಂಬಲಿ ಸಿಸ್ಟರ್?” ಸಿಸ್ಟರ್ ನನ್ನತ್ತ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗೆ ನಾನು ಏಪ್ರನ್ ಸರಿಮಾಡಿಕೊಂಡೆ.

ಟೀಚರ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದರು. ನೋವಿದೆಯೇ ಅಂದರೆ ಇಲ್ಲ ಅಂದರು. ಇನ್ನೊಂದು ವಾರ ನೋಡೋಣ, ಮುಂದಿನ ಸೋಮವಾರಕ್ಕೂ ಹೀಗೇ ಇದ್ದರೆ ಮೂರನೇ ಮಹಡಿಗೆ ಕಳಿಸಿ ಮೂಗಿಗೆ ನಳಿಗೆ ಹಾಕೋಣ ಅಂದರು ಡಾಕ್ಟರ್.

ಮೂರನೇ ಮಹಡಿಯಲ್ಲಿ ಕಿಟಕಿಗಳು ಎತ್ತರದಲ್ಲಿವೆ, ಮಂಚಕ್ಕೆ ಕಂಬಿಗಳಿವೆ. ಇಲ್ಲಿಂದ ಮೇಲೆ ಹೋದವರಲ್ಲಿ ಒಬ್ಬರೂ ಅದೇ ಲಿಫ್ಟಿನಲ್ಲಿ ಕೂತು ಕೆಳಗೆ ಬಂದಿದ್ದನ್ನು ನಾನು ನೋಡಿಲ್ಲ.

ಎಲ್ಲರೂ ಹೋದ ಮೇಲೆ ಟೀಚರು ನನ್ನ ಮಣಿಕಟ್ಟು ಹಿಡಿದರು. “ನಂದೊಂದು ಕೆಲಸ ಮಾಡ್ಕೊಡು. ಇನ್ನು ಏಳು ದಿನ ಹಾಳೇಲಿ ಈಟ್ಸ್ ಅಂತ ಬರಿ. ಅಷ್ಟರಲ್ಲಿ ನಾನೇ ಮುಗಿಸ್ಕೋತೀನಿ. ಈ ಕಿಟಕಿ ಪಕ್ಕದಲ್ಲೇ ಆಗ್ಲಿ.”

ಆ ‘ಈಟ್ಸ್’ ಕೂಡ ಸೀಟಿ ಹೊಡೆಯಿತು. ಅಳು ತಡೆದುಕೊಂಡು ಹೂಂ ಅಂದೆ.

ಮಾರ್ಚ್ 25, ಮಂಗಳವಾರ

ಬರೆದೆ. ಶೀ ಈಟ್ಸ್ ವೆಲ್. ಈ ಸಲ ನೋಡಿ ಇಳಿಸಿದ್ದಲ್ಲ, ನನಗೇ ಬಂದದ್ದು, ಪ್ರತಿ ಅಕ್ಷರವೂ ತಿಳಿದು ಬರೆದದ್ದು. ಅದಕ್ಕೇ ಇರಬೇಕು ಇಷ್ಟು ಕಷ್ಟವಾಗಿದ್ದು. ತಿಳಿಯದೆ ಬರೆದಾಗ ಅದು ಸುಳ್ಳು ಅಂತಲೂ ಅನ್ನಿಸುತ್ತಿರಲಿಲ್ಲ.

ಟೀಚರು ಹಾಳೆ ಓದಿ, “ವ್ಯಾಕರಣ ಸರಿಯಿದೆ” ಅಂದು ಗೋಡೆಯ ಕಡೆ ತಿರುಗಿ ಮಲಗಿದರು.

ಇಂಥ ಶಭಾಸ್ ಯಾರಿಗೂ ಬೇಡ.

ಮಾರ್ಚ್ 28, ಶುಕ್ರವಾರ

ಇವತ್ತಿನದು ಉದ್ದ ಇದೆ. ಟೀಚರ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ನೀಲಿ ಶಾಯಿ ತಾನಾಗಿಯೇ ಓಡುತ್ತದೆ, ಹಿಡಿಯಲು ಆಗುವುದಿಲ್ಲ.

ಎರಡು ದಿನದಿಂದ ಅವರು ಕಪಾಟು ಖಾಲಿ ಮಾಡಿಸುತ್ತಿದ್ದಾರೆ. ಶಾಲು ಒಬ್ಬರಿಗೆ, ನಿಘಂಟು ಒಬ್ಬರಿಗೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಪೆನ್ನು ನನಗೆ. “ಬೇಡ ಮೇಡಂ” ಅಂದೆ. “ನನಗಿನ್ನು ಬೇಡ ಅಂತ ತಾನೇ ಕೊಡ್ತಿರೋದು. ಹಿಡ್ಕೋ. ಪರೀಕ್ಷೆ ದಿನ ಇದರಲ್ಲೇ ಬರಿ.” ತೊಟ್ಟಿಲಲ್ಲಿ ಮಲಗಿದ ಕೂಸನ್ನು ಎತ್ತಿಕೊಡುವ ಹಾಗೆ ಎರಡು ಕೈಯಲ್ಲಿ ಕೊಟ್ಟರು.

ಪಾಠ ಮಾತ್ರ ಬಿಡಲಿಲ್ಲ. ಕೊನೆಯ ಪಾಠ ಅಂತ ಅವರೇ ಅಂದರು. ಶೀ ಹ್ಯಾಸ್ ಈಟನ್, ತಿಂದಿದ್ದಾಳೆ. ಶೀ ಹ್ಯಾಸ್ ನಾಟ್ ಈಟನ್, ತಿಂದಿಲ್ಲ. ಇದಕ್ಕೆ ‘ಸಿನ್ಸ್’ ಅಂತ ಒಂದು ಬಾಲ ಸೇರಿಸಬಹುದು, ಆವತ್ತಿನಿಂದ ಅಂತ. “ಬಾಲ ಸೇರಿಸಿದ್ರೆ ಮಾತ್ರ ಒಂದು ತಾರೀಖು ಬೇಕಮ್ಮ. ಯಾವತ್ತಿಂದ? ಅದನ್ನ ಹೇಳದೆ ಬಿಟ್ರೆ ಓದಿದೋರು ಕಾಯ್ತಾ ನಿಂತಿರ್ತಾರೆ.”

ನಾನು ಅವರ ಮೇಲೆಯೇ ವಾಕ್ಯ ಮಾಡಲು ಹೋದೆ, ಮನಸ್ಸಿನಲ್ಲಿ. ಶೀ ಹ್ಯಾಸ್ ನಾಟ್ ಈಟನ್ ಸಿನ್ಸ್. ಯಾವತ್ತಿಂದ? ಮೊದಲ ವಾರ ಸೇಬಿನ ಹೋಳು ಕಚ್ಚಿ ತಿನ್ನುತ್ತಿದ್ದರಲ್ಲ, ನಾನೇ ಹೆಚ್ಚಿಕೊಟ್ಟಿದ್ದೆ. ಹಳೆಯ ಹಾಳೆಗಳ ಫೈಲು ತೆಗೆದು ನೋಡಿದೆ. ಒಂದನೇ ತಾರೀಖು ಈಟ್ಸ್ ವೆಲ್, ಎರಡು ಈಟ್ಸ್ ವೆಲ್, ಹತ್ತು, ಇಪ್ಪತ್ತು, ಎಲ್ಲಾ ಈಟ್ಸ್ ವೆಲ್. ಅರ್ಧ ಉದ್ದಕ್ಕನ ಕೈ, ಅರ್ಧ ನನ್ನ ಕೈ. ಈ ಮನೆಯಲ್ಲಿ ಒಬ್ಬರು ಊಟ ಬಿಟ್ಟ ದಿನ ಯಾವುದೆಂದು ಹೇಳುವ ಒಂದು ಚೀಟಿ ಇಲ್ಲ. ಪಕ್ಕದ ಫೈಲು ಆರನೇ ಮಂಚದ ಟಿಕೆಟ್ ಅಜ್ಜಿಯದು. ಅವರದೂ ಈಟ್ಸ್ ವೆಲ್. ಈ ಹದಿನೈದು ದಿನದಲ್ಲಿ ಅವರು ಉಗುಳಿದ ಬ್ರೆಡ್ಡನ್ನು ಬಳಿದವಳು ನಾನೇ.

ನಾಚಿಕೆಯಾಯಿತು. ಇದನ್ನು ಬೇರೆ ಥರ ಹೇಳಲು ಬರುವುದಿಲ್ಲ.

ಮಾರ್ಚ್ 30, ಭಾನುವಾರ

ರಜೆ. ಮಧ್ಯಾಹ್ನ ಮನೆಯಲ್ಲೇ ನಾಳೆಯ ಪರೀಕ್ಷೆಗೆ ಓದುತ್ತಿದ್ದೆ. ಓದಲು ಇರುವುದು ಈ ಡೈರಿಯಲ್ಲಿ ಬರೆದ ಪಾಠಗಳೇ ತಾನೇ, ಮೊದಲಿಂದ ತಿರುವಿದೆ. ಏಳನೇ ತಾರೀಖು, ಟೀಚರ ‘ಸ್’ ಕತ್ತರಿಯ ಹಾಗೆ. ಹದಿನೈದನೇ ತಾರೀಖು, ‘ಸ್’ ಸೀಟಿ. ಅದೇ ದಿನ ಬರೀ ಸೂಪು. ಅದೇ ದಿನ ಆರನೇ ಮಂಚ ಬ್ರೆಡ್ ಉಗುಳಿತು.

ನಡುವೆ ಹದಿಮೂರು. ನೀರಿಲ್ಲ. ಒಂದೇ ಬೋಗುಣಿ. ನನಗೆ ಶಭಾಸ್.

ಎರಡು ಸಲ ಓದಿದೆ. ಆಮೇಲೆ ಎದ್ದು ನೀರು ಕುಡಿದೆ. ಆರರದು, ಏಳರದು, ಎರಡೂ ಸಣ್ಣ ಸೆಟ್ಟು, ಅಕ್ಕತಂಗಿಯರ ಹಾಗೆ. ಡಬ್ಬಿಗೆ ಹಾಕುವಾಗ ಒಂದು ಗಳಿಗೆ ಅನುಮಾನ ಬಂದಿತ್ತು. ಆ ಅನುಮಾನವನ್ನು ಡೈರಿಗೂ ಹೇಳಿರಲಿಲ್ಲ. ಒಬ್ಬರಿಗೆ ಮಾತು ಬರುವುದಿಲ್ಲ, ಇನ್ನೊಬ್ಬರಿಗೆ ಬಾಯಿ ತೆರೆದು ತೋರಿಸುವುದು ಅವಮಾನ. ಎರಡು ವಾರದಿಂದ ಇಬ್ಬರೂ ಇನ್ನೊಬ್ಬರ ಹಲ್ಲು ಕಚ್ಚಿಕೊಂಡು ಕೂತಿದ್ದಾರೆ. ಟೀಚರು ತಾವು ಸಾಯುತ್ತಿದ್ದೇವೆ ಅಂದುಕೊಂಡು ಶಾಲು ಹಂಚಿದ್ದಾರೆ.

ಕೂಡಲೇ ಫೋನ್ ಮಾಡಿದೆ. ಇವತ್ತು ಕೆಲಸದಲ್ಲಿದ್ದವಳು ಉದ್ದಕ್ಕ. ಎಲ್ಲ ಕೇಳಿ ಹೇಳಿದಳು, “ಬಾಯಿ ಮುಚ್ಕೊಂಡಿರು. ಟೀಚರು ನನ್ನ ಕೈಗೆ ಡಬ್ಬಿ ಕೊಡಲ್ಲ, ನಿನಗೇ ಕೊಡೋದು. ನಾಳೆ ಬೆಳಿಗ್ಗೆ ಬಂದು ಸುಮ್ನೆ ಅದಲುಬದಲು ಮಾಡ್ಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಪರೀಕ್ಷೆ ದಿನಾನೇ ಹೋಗಿ ನಾನು ಮಾಡಿದ್ದು ಅಂದ್ರೆ ಲಾಂಡ್ರಿ ಅಲ್ಲ, ಸೀದಾ ಗೇಟು.”

ಅವಳು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಹೌದಲ್ಲ ಅಂತ ನನಗೂ ಅನ್ನಿಸಿತು. ಅಡುಗೆಮನೆಯಲ್ಲಿ ನಿಂತಿದ್ದರೆ ಅತ್ತೆ ಬಂದು, “ಏನಮ್ಮ, ಮೈ ಸರಿಯಿಲ್ವಾ” ಅಂದರು. ಹದಿನಾರು ವರ್ಷದಲ್ಲಿ ಅವರ ಮುಂದೆ ಅತ್ತವಳಲ್ಲ ನಾನು, ಇವತ್ತು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಉಪಾಯ ಏನೂ ಹೇಳಲಿಲ್ಲ ಅವರು. ಅರ್ಧ ಲೋಟ ಟೀ ಮಾಡಿ, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟರು. ಒಂದು ಹನಿಯೂ ಚೆಲ್ಲಿರಲಿಲ್ಲ.

ಮಾರ್ಚ್ 31, ಸೋಮವಾರ

ಏಳಕ್ಕೆ ಬರಬೇಕಾದವಳು ಆರೂವರೆಗೇ ಹೋದೆ. ಪರದೆ ಎಳೆದು ಟೀಚರ ಮಂಚದ ಪಕ್ಕ ಕೂತೆ. ಈ ಸಲ ಕೂತೇ ಹೇಳಿದೆ. ನೀರು, ಬೋಗುಣಿ, ಅನುಮಾನ, ಎಲ್ಲಾ.

ಅವರು ಮೊದಲ ಸಲ ನನ್ನೆದುರಿಗೇ ಬಾಯಿಂದ ಸೆಟ್ಟು ತೆಗೆದು ಅಂಗೈಲಿಟ್ಟರು. ಕೆನ್ನೆ ಒಳಗೆ ಹೋಯಿತು, ಮುಖ ಚಿಕ್ಕದಾಯಿತು. ಒಸಡಿನ ಮೇಲೆ ಕೆಂಪು ಹುಣ್ಣು.

“ಮೈ ಇಳಿದ್ರೆ ಒಸಡೂ ಇಳಿಯುತ್ತೆ ಅಂತ ಹಿಂದೆ ಒಬ್ಬ ಡಾಕ್ಟರ್ ಹೇಳಿದ್ದ. ಜ್ವರದ ಮೇಲೆ ಅದೇ ಆಯ್ತು ಅಂದ್ಕೊಂಡೆ. ಟೈಮು ಬಂತು ಅಂದ್ಕೊಂಡೆ.” ಹಲ್ಲಿಲ್ಲದ ಬಾಯಿಯ ಮಾತು, ಗಾಳಿ ಬೆರೆತು ಬಂತು. “ನನ್ನ ತಂಗಿ ಮಗಳಿಗೆ ಕಾಗದ ಬರೆದು ಕಳಿಸಿಬಿಟ್ಟೆ ಕಣೇ. ಕಿಟಕಿಯಾಚೆ ಇರೋ ಮರಕ್ಕೆ ಕೂಡ ಹೇಳಿ ಮುಗಿಸಿದ್ದೆ.”

ಬೈಯಿರಿ ಮೇಡಂ ಅಂದೆ. ಬೈದರು. ಮೂವತ್ತು ವರ್ಷ ಮಕ್ಕಳನ್ನು ಬೈದ ಅನುಭವ ಇದೆಯಲ್ಲ, ಒಂದು ಮಾತೂ ವ್ಯರ್ಥ ಮಾಡಲಿಲ್ಲ. ಟಿಕೆಟ್ ಅಜ್ಜಿ ಪಕ್ಕದ ಮಂಚದಿಂದ ಎಲ್ಲದಕ್ಕೂ ಹೂಂ ಅಂದರು. ನಾನು ಎರಡೂ ಸೆಟ್ಟು ಬೇರೆಬೇರೆ ನೀರಲ್ಲಿ ತೊಳೆದು ತಂದೆ. ಟೀಚರು ತಮ್ಮದನ್ನು ಇಟ್ಟುಕೊಂಡು, ಹುಣ್ಣಿನ ನೋವಿಗೆ ಕಣ್ಣು ಮುಚ್ಚಿ, ತುಟಿ ಸರಿಮಾಡಿಕೊಂಡು ಅಂದರು, “ಈಟ್ಸ್.”

ಕತ್ತರಿಯ ಹಾಗೆ.

“ಅಯ್ಯೋ ಪಾಪಿ,” ಅಂದರು ಆಮೇಲೆ, “ಟಿಕೆಟ್ ಕೌಂಟರಿನ ಹಲ್ಲು ಇಟ್ಕೊಂಡು ನಿನಗೆ ಇಂಗ್ಲಿಷ್ ಹೇಳಿಕೊಟ್ನಲ್ಲೇ ನಾನು. ಹಲ್ಲಿದ್ರೆ ಕಡಲೆ ಇಲ್ಲ, ಕಡಲೆ ಇದ್ರೆ ಹಲ್ಲಿಲ್ಲ ಅಂತಿದ್ರು. ನಮ್ಮದು ಇಬ್ಬರಿಗೂ ಹಲ್ಲಿತ್ತು, ಕಡಲೆನೂ ಇತ್ತು.” ಇಬ್ಬರೂ ನಕ್ಕೆವು. ನಾನು ನಗುತ್ತಲೇ ಅತ್ತೆ.

ಹತ್ತಕ್ಕೆ ಪರೀಕ್ಷೆ. ಕಾರಿಡಾರಿನಲ್ಲಿ ಉದ್ದಕ್ಕ ಕಣ್ಣಲ್ಲೇ ಕೇಳಿದಳು, ಮಾಡಿದೆಯಾ ಅಂತ. ಮಾಡಿದೆ ಅಂದೆ. “ಇನ್ನು ಬಾಯಿ ಬಿಡ್ಬೇಡ” ಅಂದಳು. ದೊಡ್ಡ ಸಿಸ್ಟರ್ ಎದುರಿಗೆ ಖಾಲಿ ಹಾಳೆ ಇಟ್ಟು, ಯಾವ ಮಂಚ ಕೊಡಲಿ ಅಂತ ಪಟ್ಟಿ ನೋಡುತ್ತಿದ್ದರು. ಏಳು ಕೊಡಿ ಅಂತ ನಾನೇ ಕೇಳಿದೆ.

ಟೀಚರ ಪೆನ್ನಿನಲ್ಲಿ ಬರೆದೆ. ಶೀ ಈಟ್ಸ್ ವೆಲ್ ಅಂತ ಕೈ ತಾನಾಗಿಯೇ ಹೊರಟಿತು, ಅಭ್ಯಾಸಬಲ. ನಿಲ್ಲಿಸಿದೆ. ನಿಲ್ಲಿಸಿದ ಕಡೆ ಶಾಯಿಯ ಒಂದು ಬೊಟ್ಟು ಬಿತ್ತು. ಅದರ ಮುಂದಿನಿಂದ ಶುರು ಮಾಡಿದೆ. ಶೀ ಹ್ಯಾಸ್ ನಾಟ್ ಈಟನ್ ವೆಲ್ ಸಿನ್ಸ್ ಮಾರ್ಚ್ ಥರ್ಟೀನ್. ಆವತ್ತು ಎಲ್ಲರ ಹಲ್ಲನ್ನು ಒಂದೇ ಬೋಗುಣಿಯಲ್ಲಿ ತೊಳೆದೆ, ಆರರದೂ ಏಳರದೂ ಅದಲುಬದಲಾಯಿತು, ಇಬ್ಬರ ಬಾಯಲ್ಲೂ ಹುಣ್ಣಿದೆ ಅಂತ ಮುರುಕು ಇಂಗ್ಲಿಷಿನಲ್ಲಿ ಬರೆದೆ. ತಪ್ಪು ನನ್ನದು ಅನ್ನಲು ವಾಕ್ಯ ಗೊತ್ತಿರಲಿಲ್ಲ, ನನ್ನ ಹೆಸರು ಬರೆದು ಕೆಳಗೆ ಗೆರೆ ಎಳೆದೆ.

“ಓದು” ಅಂದರು. ಓದಿದೆ. ‘ಸ್’ ಬಂದಲ್ಲೆಲ್ಲ ಸೀಟಿ ಹೊಡೆಯಿತು.

“ಅದೇನದು ಸೀಟಿ?”

“ಅದೂ ಆವತ್ತಿನಿಂದಲೇ ಸಿಸ್ಟರ್” ಅಂದೆ.

ಸಿಸ್ಟರ್ ಹಾಳೆಯನ್ನು ಎರಡು ಸಲ ಓದಿದರು. ‘ಟೀತ್’ ಅನ್ನುವುದರಲ್ಲಿ ಒಂದು ಅಕ್ಷರ ಬಿಟ್ಟಿದ್ದೀಯ ಅಂದು ಅದನ್ನು ಸೇರಿಸಿದರು. ಆಮೇಲೆ ಎದ್ದು ಡಾಕ್ಟರಿಗೆ ಫೋನ್ ಮಾಡಲು ಹೋದರು.

ಹನ್ನೊಂದಕ್ಕೆ ಡಾಕ್ಟರ್ ಬಂದು ಇಬ್ಬರ ಬಾಯಿ ನೋಡಿ ಮುಲಾಮು ಬರೆದುಕೊಟ್ಟರು. ಲಿಫ್ಟ್ ಬಾಗಿಲು ತೆರೆದುಕೊಂಡು ಕಾಯುತ್ತಿತ್ತು. ಬೇಡ, ಮುಚ್ಚಿ ಅಂದರು.

ಏಪ್ರಿಲ್ 4, ಶುಕ್ರವಾರ

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಲಾಂಡ್ರಿಯ ಮೆಟ್ಟಿಲ ಮೇಲೆ ಕೂತಿದ್ದೇನೆ. ಪರೀಕ್ಷೆಯಲ್ಲಿ ಪಾಸು, ಹಲ್ಲಿಗೆ ಶಿಕ್ಷೆ. ಹದಿನೈದು ದಿನ ಇಲ್ಲಿ, ಆಮೇಲೆ ಮತ್ತೆ ವಾರ್ಡು. ಮಾಡಿದ್ದುಣ್ಣೋ ಮಾರಾಯ ಅಂತ ನಮ್ಮಲ್ಲೇ ಗಾದೆ ಇದೆಯಲ್ಲ, ಅಲ್ಲ ಅನ್ನಲು ನನಗೆ ಬಾಯಿಲ್ಲ. ಉಬ್ಬಸ ಎರಡು ಸಲ ಬಂತು. ಗುತ್ತಿಗೆಯವನು ಪಾಪ, ಬ್ಲೀಚಿನಿಂದ ದೂರ, ಇಸ್ತ್ರಿಯ ಕಡೆ ಹಾಕಿದ್ದಾನೆ.

ಈಗ ಪ್ರತಿ ಸೆಟ್ಟಿಗೂ ಒಳಗಡೆ ನಂಬರು ಕೆತ್ತಿಸಿದ್ದಾರೆ. ಉದ್ದಕ್ಕನಿಗೆ ಪರೀಕ್ಷೆ ಮತ್ತೊಮ್ಮೆ ಇದೆಯಂತೆ. ಮಧ್ಯಾಹ್ನ ಅವಳೂ ಏಳನೇ ಮಂಚದ ಪಕ್ಕ ಕೂತು ಈಟು ಈಟ್ಸು ಅನ್ನುತ್ತಾಳೆ, ಉದ್ದ ಕಾಲು ಪರದೆಯ ಕೆಳಗಿಂದ ಹೊರಗೆ ಕಾಣುತ್ತದಂತೆ. ಸ್ಟೂಲು ಸಾಲದೆ ನೆಲದ ಮೇಲೆ ಕೂರುತ್ತಾಳಂತೆ.

ಊಟದ ಹೊತ್ತಿಗೆ ಮೇಲೆ ಓಡಿ ಹೋಗಿದ್ದೆ. ಟಿಕೆಟ್ ಅಜ್ಜಿ ಬ್ರೆಡ್ಡನ್ನು ಅಂಚಿನ ಸಮೇತ ಮುಗಿಸಿದ್ದರು, ತಟ್ಟೆ ತೋರಿಸಿ ಹೂಂ ಅಂದರು. ಟೀಚರ ಕೈಯಲ್ಲಿ ಸೇಬಿನ ಹೋಳಿತ್ತು. ಹುಣ್ಣಿಲ್ಲದ ಬದಿಯಿಂದ ಕಚ್ಚಿದರು. ಆ ಸದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು. ಮಂಚದ ಕಾಲಿನ ಹಾಳೆ ಬರೆಯುವುದು ಈಗ ನನ್ನ ಕೆಲಸವಲ್ಲ. ಆದರೂ ನಿಂತು ನೋಡಿದೆ, ಕೊನೆಯ ಚೂರಿನವರೆಗೆ.

ಅಗಿದು, ನುಂಗಿ, ಬಾಯಿ ಒರೆಸಿಕೊಂಡು ನನ್ನತ್ತ ಕೈ ಚಾಚಿದರು. ಏನು ಮೇಡಂ ಅಂದೆ.

“ನನ್ನ ಪೆನ್ನು. ತಂಗಿ ಮಗಳಿಗೆ ಇನ್ನೊಂದು ಕಾಗದ ಬರೀಬೇಕು, ಹಳೇದನ್ನ ಹರಿದು ಹಾಕಮ್ಮ ಅಂತ. ಆಮೇಲೂ ನನಗೆ ಬೇಕು ಅದು. ವಾಪಸ್ ಕೊಡು.”

ಕೊಟ್ಟುಬಿಟ್ಟೆ. ಇದನ್ನು ಲಾಂಡ್ರಿಯವನ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.